ಆರನೆಯ ವರ್ಷದ ಹಲ್ಲು
(ಕಕ್ಕಬೆಯ ಸೀಮೆಯ ಮಕ್ಕಳ ದಂತಾರೋಗ್ಯವನ್ನು ಕುರಿತು ಒಂದು ವಿವೇಚನೆ)

ಸಂಸ್ಕೃತದಲ್ಲಿ ‘ದ್ವಿಜ’ ಎಂಬ ಶಬ್ದಕ್ಕೆ ಹಲ್ಲು ಎಂಬ ಅರ್ಥವೂ ಉಂಟು. ಯಾವುದು ಎರಡು ಸಲ ಹುಟ್ಟುವುದೋ ಅದು ದ್ವಿಜ. ಹಕ್ಕಿಯು ಮೊದಲು ಮೊಟ್ಟೆಯಾಗಿಯೂ ಬಳಿಕ ಮರಿಯಾಗಿಯೂ ಹುಟ್ಟುವುದರಿಂದ ಅದೂ ದ್ವಿಜವೇ. ಅಮರಕೋಶವು ಈ ಅರ್ಥಗಳನ್ನು ಒಂದೆಡೆಯಲ್ಲಿಯೇ ಹೇಳುತ್ತದೆ. ಕೂಸಿಗೆ ಆರು ತಿಂಗಳಾಗುವ ವೇಳೆಗೆ ಹಲ್ಲಿನ ಮೊದಲ ಜನ್ಮ. ಮಗುವಿಗೆ ಆರು ವರ್ಷವಾಗುವ ವೇಳೆಗೆ ಅದರ ಎರಡನೆಯ ಜನ್ಮ. ಮೂರನೆಯ ಜನ್ಮವೆಂಬುದು ಹಲ್ಲಿಗೆ ಇಲ್ಲ. ಪ್ರಾಚೀನರು ಒಂದೇ ಪದದಲ್ಲಿ ಅಡಗಿಸಿಟ್ಟ ಈ ಸತ್ಯವನ್ನು ನಾವು ಮನಗಂಡಿದ್ದೇವೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ಕನ್ನಡ ಪಾಠ ಹೇಳುವವನಿಗೆ ಹಲ್ಲಿನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ವರ್ಣಮಾಲೆಯನ್ನು ಕಲಿಸುವಾಗ ತ, ಥ, ದ, ಧ, ನ ಎಂಬ ಐದನ್ನು ದಂತ್ಯಾಕ್ಷರಗಳೆನ್ನುತ್ತೇವೆ. ಲಕಾರ ಸಕಾರಗಳನ್ನೂ ಅವುಗಳೊಡನೆ ಸೇರಿಸುತ್ತೇವೆ. ವಕಾರಕ್ಕೆ ಹಲ್ಲು ತುಟಿಗಳೆರಡೂ ಬೇಕು. ಮೇಲಿನ ಮುಂಬಲ್ಲುಗಳು ಹುಳುಕು ಹಿಡಿದು ಅಕಾಲದಲ್ಲಿ ಉದುರಿಹೋದ ಮಗುವು ‘ಸರಸ್ವತಿ’ ಎನ್ನಲು ತೊಡಕುಪಟ್ಟರೆ, ಆ ದೋಷವು ನಾಲಗೆಯದೂ ಅಲ್ಲ, ಬುದ್ಧಿಯದೂ ಅಲ್ಲ. ಆದರೂ ತರಗತಿಯಲ್ಲಿ ನಗೆಗೀಡಾಗುವುದು ಆ ಮಗುವೇ. ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಗು, ಒಂದೇ ದವಡೆಯಲ್ಲಿ ಅಗಿಯುವ ಮಗು, ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಗಿನ ಪಾಠದಲ್ಲಿ ತೂಕಡಿಸುವ ಮಗು, ಇವರೆಲ್ಲರೂ ನಮ್ಮ ಕಣ್ಣೆದುರಿನವರೇ. ಹಲ್ಲಿನ ಬೇನೆಯು ಮೊದಲು ಗೋಚರವಾಗುವುದು ಶಾಲೆಯಲ್ಲಿ. ಆದಕಾರಣ ಅದರ ವಿಚಾರವೂ ಶಾಲೆಗೆ ಸಲ್ಲತಕ್ಕದ್ದು.

೧. ಗುರುತು ಸಿಗದ ಅತಿಥಿ

ಹಾಲುಹಲ್ಲುಗಳು ಒಟ್ಟು ೨೦. ಮಗುವಿಗೆ ಎರಡೂವರೆ ಮೂರು ವರ್ಷವಾಗುವಷ್ಟರಲ್ಲಿ ಅವೆಲ್ಲವೂ ಮೂಡಿರುತ್ತವೆ. ಆರನೆಯ ವರ್ಷದ ಸುಮಾರಿಗೆ ಮುಂದಿನ ಹಾಲುಹಲ್ಲು ಅಲುಗಾಡತೊಡಗುತ್ತದೆ. ಮನೆಯವರೆಲ್ಲರ ಗಮನವೂ ಅತ್ತಲೇ. ಬಿದ್ದ ಹಲ್ಲನ್ನು ಸೂರಿನ ಮೇಲೆಸೆಯುವ ಸಂಭ್ರಮವೂ ಅಲ್ಲಿಯೇ. ಆದರೆ ಅದೇ ಕಾಲದಲ್ಲಿ ಬಾಯಿಯ ಹಿಂಭಾಗದಲ್ಲಿ, ಕಡೆಯ ಹಾಲುದವಡೆಯ ಹಿಂದೆ, ಮೇಲೆರಡು ಕೆಳಗೆರಡರಂತೆ ನಾಲ್ಕು ದೊಡ್ಡ ದವಡೆಹಲ್ಲುಗಳು ಸದ್ದಿಲ್ಲದೆ ಹುಟ್ಟುತ್ತವೆ. ಯಾವ ಹಲ್ಲೂ ಬಿದ್ದು ಅವುಗಳಿಗೆ ಎಡೆಗೊಡುವುದಿಲ್ಲ. ಆದುದರಿಂದ ಅವು ಬಂದುದು ಯಾರ ಅರಿವಿಗೂ ಬಾರದು. ಕಂಡವರೂ ಅವನ್ನು ಹಾಲುಹಲ್ಲುಗಳೆಂದೇ ಭಾವಿಸುತ್ತಾರೆ. ಅವು ಹುಳುಕಾದರೆ ‘ಹೇಗೂ ಬೀಳುವ ಹಲ್ಲು, ಬಿದ್ದು ಹೊಸದು ಬರಲಿ’ ಎಂದು ಸುಮ್ಮನಾಗುತ್ತಾರೆ.

ವಾಸ್ತವವಾಗಿ ಇವೇ ಶಾಶ್ವತದಂತಗಳಲ್ಲಿ ಮೊದಲು ಮೂಡುವಂಥವು. ಎಪ್ಪತ್ತು ವರ್ಷ ಅನ್ನ ಅಗಿಯಬೇಕಾದ ಹಲ್ಲುಗಳಿವು. ಮೇಲಿನ ದವಡೆಯೂ ಕೆಳಗಿನ ದವಡೆಯೂ ಪರಸ್ಪರ ಹೊಂದಿ ಕೂಡುವುದು ಇವುಗಳ ಆಧಾರದಿಂದಲೇ. ಇವುಗಳ ಮೇಲ್ಭಾಗವು ಸಮತಲವಾಗಿರದೆ ಆಳವಾದ ಗೀರುಗಳಿಂದಲೂ ಕುಳಿಗಳಿಂದಲೂ ಕೂಡಿರುವುದರಿಂದ ತಿಂದ ಪದಾರ್ಥವು ಅಲ್ಲಿಯೇ ಉಳಿಯುತ್ತದೆ. ಎಳೆಯ ಕೈಯ ಬ್ರಷ್ಷು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಹೀಗಾಗಿ ಬಾಳಿಡೀ ಇರಬೇಕಾದ ಹಲ್ಲೇ ಮೊದಲು ಹುಳುಕಿಗೆ ತುತ್ತಾಗುವ ಸಂಭವವುಂಟು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಹಲ್ಲು ಮೂಡುವ ವಯಸ್ಸೂ ಮಗು ಒಂದನೆಯ ತರಗತಿಗೆ ಬಂದು ಕುಳಿತುಕೊಳ್ಳುವ ವಯಸ್ಸೂ ಒಂದೇ. ಅಕ್ಷರಾಭ್ಯಾಸವೂ ಈ ಹಲ್ಲೂ ಕೂಡಿಯೇ ಬರುತ್ತವೆ. ಮನೆಯವರ ಕಣ್ಣಿಗೆ ಬೀಳದ ಈ ಅತಿಥಿಯನ್ನು ಗುರುತಿಸಿ ಬರಮಾಡಿಕೊಳ್ಳಬಲ್ಲವರು ಯಾರಾದರೂ ಇದ್ದರೆ ಅವರು ಒಂದನೆಯ ತರಗತಿಯ ಉಪಾಧ್ಯಾಯರು.

೨. ಹುಳುವೂ ಹುಳುಕೂ

ಹಲ್ಲನ್ನು ಹುಳು ತಿನ್ನುತ್ತದೆಂಬುದು ಬಹು ಪುರಾತನವಾದ ನಂಬಿಕೆ. ನಮ್ಮ ‘ಹುಳುಕುಹಲ್ಲು’ ಎಂಬ ಮಾತಿನಲ್ಲಿ ಆ ನಂಬಿಕೆಯ ಛಾಯೆಯಿದೆ. ಸುಶ್ರುತನು ಬಾಯಿಯ ರೋಗಗಳು ೬೫ ಎಂದು ಎಣಿಸಿದ್ದಾನೆ. ದಂತರೋಗಗಳಲ್ಲಿ ‘ಕೃಮಿದಂತಕ’ ಎಂಬುದನ್ನೂ ಹೇಳಿದ್ದಾನೆ. ಪಾಶ್ಚಾತ್ಯರಲ್ಲಿಯೂ ಈ ಭಾವನೆ ಬಹುಕಾಲ ಇದ್ದಿತು. ೧೮೯೦ರಲ್ಲಿ ಮಿಲ್ಲರ್ ಎಂಬ ವಿದ್ವಾಂಸನು ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಿಹಿಪದಾರ್ಥವನ್ನೂ ಹಿಟ್ಟಿನ ಪದಾರ್ಥವನ್ನೂ ಹುದುಗಿಸಿ ಆಮ್ಲವನ್ನುಂಟುಮಾಡುವವೆಂದೂ ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುವುದೆಂದೂ ವಿಶದಪಡಿಸಿದನು. ಹುಳುವೆಂಬುದು ಸುಳ್ಳಾಯಿತು; ಆದರೆ ಕಣ್ಣಿಗೆ ಕಾಣದ ಜೀವಿಯೊಂದು ಕಾರಣವೆಂಬ ಊಹೆ ತೀರ ಸುಳ್ಳಾಗಲಿಲ್ಲ.

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಒಮ್ಮೆ ಕುಳಿಬಿದ್ದ ದಂತಕವಚ ಮಾತ್ರ ಮತ್ತೆ ಬೆಳೆಯದು. ಆದರೆ ಕುಳಿ ಬೀಳುವುದಕ್ಕೆ ಮುನ್ನ ಬಿಳಿಯ ಮಚ್ಚೆಯಂತೆ ತೋರುವ ಆರಂಭದ ಅವಸ್ಥೆಯಲ್ಲಿ ಫ್ಲೋರೈಡಿನ ಸಹಾಯದಿಂದ ಕ್ಷಯವನ್ನು ತಡೆಯಬಹುದು. ಆದ್ದರಿಂದ ಈ ರೋಗದಲ್ಲಿ ಔಷಧಕ್ಕಿಂತಲೂ ಹೆಚ್ಚಿನ ಬೆಲೆಯುಳ್ಳದ್ದು ಕಾಲ.

ಇದು ನಾಲ್ಕಾರು ಮಕ್ಕಳ ಬಾಧೆಯಲ್ಲ. ಭಾರತೀಯ ದಂತವೈದ್ಯ ಪರಿಷತ್ತು ೨೦೦೨-೦೩ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು ೫೨ ಮಂದಿಗೂ, ೧೨ ವರ್ಷದವರಲ್ಲಿ ಸುಮಾರು ೫೪ ಮಂದಿಗೂ, ೧೫ ವರ್ಷದವರಲ್ಲಿ ಸುಮಾರು ೬೩ ಮಂದಿಗೂ ದಂತಕ್ಷಯವಿದ್ದುದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಹೊರತಂದ ವರದಿಯಂತೆ ಲೋಕದಲ್ಲಿ ಸುಮಾರು ೫೧ ಕೋಟಿ ಮಕ್ಕಳು ಹಾಲುಹಲ್ಲಿನ ಹುಳುಕಿನಿಂದ ಬಳಲುತ್ತಿದ್ದಾರೆ. ರೋಗ ಎಲ್ಲರಿಗೂ ಬರುತ್ತದೆ. ಚಿಕಿತ್ಸೆ ಎಲ್ಲರಿಗೂ ಬರುವುದಿಲ್ಲ. ಭೇದವಿರುವುದು ಇಲ್ಲಿಯೇ.

೩. ದೂರವೆಂದರೆ ಯಾವುದು?

ಈಗ ಕಕ್ಕಬೆಯ ಕಡೆಗೆ ತಿರುಗೋಣ. ತಡಿಯಂಡಮೋಳ್ ಬೆಟ್ಟದ ಮಡಿಲಲ್ಲಿರುವ ಈ ಊರು ಪಾಡಿ ಇಗ್ಗುತ್ತಪ್ಪ ದೇವರ ಸನ್ನಿಧಿಯಿಂದಲೂ, ದೊಡ್ಡವೀರರಾಜೇಂದ್ರನು ೧೭೯೨ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಸಾಮೀಪ್ಯದಿಂದಲೂ, ಜೇನಿನಿಂದಲೂ ಹೆಸರಾದುದು. ಕಾಫಿ, ಏಲಕ್ಕಿ, ಮೆಣಸುಗಳ ಈ ಸಿರಿವಂತ ಸೀಮೆಯಲ್ಲಿ ತೋಟದೊಡೆಯರ ಮನೆಗಳಿರುವಂತೆಯೇ ತೋಟಗಳ ಲೈನ್ ಮನೆಗಳೂ ಇವೆ. ಬೆಟ್ಟದ ಓರೆಯಲ್ಲಿ ಕುಡಿಯರ ಮನೆಗಳಿವೆ. ಕೊಡಗಿನ ಇತರ ಭಾಗಗಳಲ್ಲಿ ಯರವರ, ಜೇನುಕುರುಬರ ಹಾಡಿಗಳಿವೆ. ಈಚಿನ ದಶಕಗಳಲ್ಲಿ ಅಸ್ಸಾಮಿನಷ್ಟು ದೂರದಿಂದ ಬಂದ ಕಾರ್ಮಿಕ ಕುಟುಂಬಗಳೂ ಜಿಲ್ಲೆಯ ತೋಟಗಳಲ್ಲಿ ನೆಲೆಸಿವೆ. ಈ ಮಕ್ಕಳ ಹಲ್ಲು ನೋಡುವವರು ಯಾರು?

ಕೊಡಗಿನಲ್ಲಿ ದಂತವೈದ್ಯರೇ ಇಲ್ಲವೆನ್ನುವಂತಿಲ್ಲ. ವಿರಾಜಪೇಟೆಯಲ್ಲಿ ೧೯೯೯ರಲ್ಲಿ ಸ್ಥಾಪಿತವಾದ ದಂತವೈದ್ಯ ಮಹಾವಿದ್ಯಾಲಯವಿದೆ. ಮಡಿಕೇರಿಯಲ್ಲಿ ೨೦೧೬ರಿಂದ ಸರ್ಕಾರದ ವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಇವೆ. ಕರ್ನಾಟಕದಲ್ಲಿ ನಲವತ್ತಕ್ಕೂ ಮಿಕ್ಕಿ ದಂತವೈದ್ಯ ಮಹಾವಿದ್ಯಾಲಯಗಳಿದ್ದು, ದೇಶದಲ್ಲಿಯೇ ಈ ವಿದ್ಯೆಗೆ ನಮ್ಮ ನಾಡು ಹೆಸರಾಗಿದೆ. ‘ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ’ ಎಂಬ ಗಾದೆ ಇಲ್ಲಿ ಹೊಸ ಅರ್ಥ ಪಡೆಯುತ್ತದೆ: ವೈದ್ಯರಿರುವೆಡೆ ಈ ಮಗುವಿಲ್ಲ, ಈ ಮಗುವಿರುವೆಡೆ ವೈದ್ಯರಿಲ್ಲ.

ಕಡಂಗದ ಹಾದಿಯಾಗಿ ವಿರಾಜಪೇಟೆಗೆ, ನಾಪೋಕ್ಲಿನ ಹಾದಿಯಾಗಿ ಮಡಿಕೇರಿಗೆ ಬಸ್ಸು ಹೋಗುತ್ತದೆ. ನಕ್ಷೆಯಲ್ಲಿ ಇದು ದೊಡ್ಡ ದೂರವಲ್ಲ. ಆದರೆ ದಿನಗೂಲಿಯ ತಾಯಿಯ ಲೆಕ್ಕದಲ್ಲಿ ದೂರವನ್ನು ಅಳೆಯುವುದು ಮೈಲಿಯಿಂದಲ್ಲ. ಮಗುವನ್ನು ಕರೆದೊಯ್ದರೆ ಅವಳ ಒಂದು ದಿನದ ಕೂಲಿ ಹೋಯಿತು. ಇಬ್ಬರ ಬಸ್ಸಿನ ಹಣ, ಮಧ್ಯಾಹ್ನದ ಊಟದ ಹಣ ಬೇರೆ. ಹಲ್ಲಿನ ಬೇರಿಗೆ ಚಿಕಿತ್ಸೆಯಾಗಬೇಕಾದರೆ ಒಂದೇ ದಿನದಲ್ಲಿ ಮುಗಿಯದೆ ಎರಡು ಮೂರು ಸಲ ಹೋಗಬೇಕಾದೀತು. ಮನೆಯಲ್ಲಿ ಕೈಕೂಸಿದ್ದರೆ ಅದನ್ನು ನೋಡಿಕೊಳ್ಳುವವರು ಬೇಕು. ಇಷ್ಟೆಲ್ಲ ಆದ ಮೇಲೆ ಆಸ್ಪತ್ರೆಯ ಸರದಿಯಲ್ಲಿ ನಿಂತು, ಅಪರಿಚಿತ ಭಾಷೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಬೇಕು. ಆದುದರಿಂದ ನೋವು ತಡೆಯಲಾರದಷ್ಟು ಆಗುವವರೆಗೆ ಲವಂಗವನ್ನೋ ನೋವಿನ ಮಾತ್ರೆಯನ್ನೋ ನೆಚ್ಚಿ ದಿನ ದೂಡುತ್ತಾರೆ. ಕಡೆಗೆ ಹೋದಾಗ ಉಳಿದಿರುವ ಉಪಾಯ ಹಲ್ಲು ಕೀಳುವುದೊಂದೇ. ಇದನ್ನು ಅವರ ಅಜಾಗ್ರತೆಯೆನ್ನುವುದು ನ್ಯಾಯವಲ್ಲ; ಇದು ಅವರ ಬಾಳಿನ ಗಣಿತ.

ಋತುಮಾನವೂ ಇಲ್ಲಿ ವಿಚಾರಾರ್ಹ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬೆಟ್ಟದ ಸೀಮೆಯಲ್ಲಿ ಮಳೆ ಬಿಡುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕುಯ್ಲು. ಆಗ ಒಂದು ದಿನದ ಬಿಡುವೂ ಕಾರ್ಮಿಕರಿಗೆ ಭಾರ. ಒಂದು ಕಾಲದಲ್ಲಿ ಹಾದಿ ಕಷ್ಟ, ಇನ್ನೊಂದು ಕಾಲದಲ್ಲಿ ಬಿಡುವು ಕಷ್ಟ. ಉಳಿಯುವುದು ಅಕ್ಟೋಬರ್, ನವೆಂಬರ್, ಮಾರ್ಚ್ ತಿಂಗಳುಗಳು. ಊರಿನ ಈ ಪಂಚಾಂಗವನ್ನು ನೋಡದೆ ಗೊತ್ತುಮಾಡಿದ ಶಿಬಿರಕ್ಕೆ ಜನ ಬರಲಿಲ್ಲವೆಂದು ಜನರನ್ನು ದೂರಿ ಫಲವಿಲ್ಲ.

ಕಾಯಿದೆಯ ನೆರವು ಎಷ್ಟಿತ್ತೆಂಬುದನ್ನೂ ನೋಡಬೇಕು. ೧೯೫೧ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಕರ್ಯ ಒದಗಿಸುವ ಹೊಣೆಯನ್ನು ತೋಟದವರ ಮೇಲಿರಿಸಿತು. ಆದರೆ ಅದು ಅನ್ವಯಿಸಿದ್ದು ನಿರ್ದಿಷ್ಟ ವಿಸ್ತೀರ್ಣಕ್ಕೂ ಕಾರ್ಮಿಕರ ಸಂಖ್ಯೆಗೂ ಮೇಲ್ಪಟ್ಟ ತೋಟಗಳಿಗೆ ಮಾತ್ರ. ಕೊಡಗಿನಲ್ಲಿ ಚಿಕ್ಕ ಹಿಡುವಳಿಗಳೇ ಬಹಳ. ಅಲ್ಲಿ ದುಡಿಯುವವರು ಆ ನೆರಳಿನ ಹೊರಗೇ ಉಳಿದರು.

೪. ಚೀಟಿಗೂ ಕುರ್ಚಿಗೂ ನಡುವೆ

ಸರ್ಕಾರವು ಏನನ್ನೂ ಮಾಡಿಲ್ಲವೆಂದರೆ ಸತ್ಯಕ್ಕೆ ಅಪಚಾರವಾದೀತು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂದು ವಿಧಿಸಲಾಗಿದೆ. ಪರೀಕ್ಷಿಸತಕ್ಕ ವ್ಯಾಧಿಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಸೇರಿದೆ. ಆದರೆ ತಂಡದಲ್ಲಿ ದಂತವೈದ್ಯರಿರುವುದಿಲ್ಲ. ಹುಳುಕು ಕಂಡರೆ ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಆ ಚೀಟಿಯು ಪುಸ್ತಕದ ಚೀಲದಲ್ಲಿ ಮನೆಗೆ ಹೋಗುತ್ತದೆ. ಅಲ್ಲಿಂದ ದಂತವೈದ್ಯರ ಕುರ್ಚಿಯವರೆಗಿನ ದಾರಿ ಮಗುವಿನ ಪಾಲಿಗೆ ಬಿಟ್ಟದ್ದು. ಈ ಚೀಟಿಗೂ ಆ ಕುರ್ಚಿಗೂ ನಡುವಣ ಅಂತರವೇ ನಮ್ಮ ಸಮಸ್ಯೆಯ ಹೃದಯ.

ಬಡ ವೃದ್ಧರಿಗೆ ಉಚಿತವಾಗಿ ದಂತಪಂಕ್ತಿಯನ್ನು ಕಟ್ಟಿಸಿಕೊಡುವ ‘ದಂತಭಾಗ್ಯ’ ಯೋಜನೆಯನ್ನು ಕರ್ನಾಟಕ ಸರ್ಕಾರವು ೨೦೧೪ರ ಸುಮಾರಿಗೆ ಜಾರಿಗೆ ತಂದಿತು. ಹಲ್ಲಿಲ್ಲದ ಮುದುಕರಿಗೆ ಅಗಿದು ಉಣ್ಣುವ ಸುಖವನ್ನು ಮರಳಿ ಕೊಟ್ಟ ಕಾರ್ಯ ಶ್ಲಾಘ್ಯವೇ ಸರಿ. ಆದರೆ ಅರುವತ್ತನೆಯ ವಯಸ್ಸಿನ ಬೊಚ್ಚುಬಾಯಿಯ ಕಥೆ ಎಷ್ಟೋ ಮಂದಿಯಲ್ಲಿ ಆರಂಭವಾಗುವುದು ಆರನೆಯ ವಯಸ್ಸಿನಲ್ಲಿ. ಕೊನೆಯ ಅಧ್ಯಾಯಕ್ಕೆ ತೋರುವ ಕರುಣೆಯನ್ನು ಮೊದಲ ಅಧ್ಯಾಯಕ್ಕೂ ತೋರಬೇಡವೇ?

೫. ಲೋಕದ ಅನುಭವ

ವೈದ್ಯರನ್ನು ಮಗು ಅರಸಿಕೊಂಡು ಹೋಗಲಾರದಿದ್ದರೆ ಚಿಕಿತ್ಸೆಯೇ ಮಗುವಿರುವೆಡೆಗೆ ಬರಬೇಕೆಂಬ ವಿಚಾರ ಹೊಸದಲ್ಲ. ನ್ಯೂಜಿಲೆಂಡ್ ದೇಶವು ೧೯೨೧ರಲ್ಲಿಯೇ ತರುಣಿಯರಿಗೆ ಶಾಲಾ ದಂತದಾದಿಯರಾಗಿ ತರಬೇತು ಕೊಡಲಾರಂಭಿಸಿ, ಶಾಲೆಯ ಆವರಣದಲ್ಲಿಯೇ ಮಕ್ಕಳ ಹಲ್ಲಿಗೆ ಚಿಕಿತ್ಸೆ ದೊರೆಯುವಂತೆ ಮಾಡಿತು. ಆಫ್ರಿಕದ ಟಾಂಜಾನಿಯದಲ್ಲಿ ೧೯೮೦ರ ದಶಕದ ನಡುವೆ ಮತ್ತೊಂದು ಉಪಾಯ ರೂಪುಗೊಂಡಿತು. ವಿದ್ಯುತ್ತಾಗಲಿ ಕೊರೆಯುವ ಯಂತ್ರವಾಗಲಿ ಇಲ್ಲದ ಹಳ್ಳಿಗಳಲ್ಲಿ, ಕೈಯ ಸಲಕರಣೆಗಳಿಂದಲೇ ಹುಳುಕಿನ ಮೆತ್ತನೆಯ ಭಾಗವನ್ನು ಕೆರೆದು ತೆಗೆದು, ಗ್ಲಾಸ್ ಅಯೊನೊಮರ್ ಎಂಬ ಅಂಟುವ ಗಾರೆಯನ್ನು ತುಂಬುವ ಕ್ರಮವಿದು. ಸಾಮಾನ್ಯವಾಗಿ ಅರಿವಳಿಕೆಯ ಸೂಜಿ ಬೇಕಾಗುವುದಿಲ್ಲ; ಮಗು ಹೆದರುವುದು ಕಡಿಮೆ. ಶಾಲೆಯ ಮೇಜಿನ ಮೇಲೆಯೇ ಇದನ್ನು ಮಾಡಬಹುದು. ೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೆ ಪ್ರಚಾರ ಕೊಟ್ಟಿತು.

ಇನ್ನೊಂದು ಔಷಧ ಬೆಳ್ಳಿಯನ್ನೂ ಫ್ಲೋರೈಡನ್ನೂ ಒಳಗೊಂಡ ದ್ರವ. ಹುಳುಕಿನ ಮೇಲೆ ಹಚ್ಚಿದರೆ ಕ್ಷಯವು ಮುಂದುವರಿಯದೆ ನಿಲ್ಲುವ ಸಂಭವ ಹೆಚ್ಚು. ಹಚ್ಚಿದ ಭಾಗ ಮಾತ್ರ ಕಪ್ಪಾಗುತ್ತದೆ. ಈ ಸಂಗತಿಯನ್ನು ತಂದೆತಾಯಿಗಳಿಗೆ ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕಾದುದು ಧರ್ಮ. ಈ ದ್ರವವನ್ನೂ ಗ್ಲಾಸ್ ಅಯೊನೊಮರನ್ನೂ ಫ್ಲೋರೈಡಿರುವ ಟೂತ್‌ಪೇಸ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇನ್ನು, ಆರನೆಯ ವರ್ಷದ ದವಡೆಹಲ್ಲಿನ ಗೀರುಗಳು ಹುಳುಕಾಗುವ ಮೊದಲೇ ಅವನ್ನು ತೆಳುವಾದ ಲೇಪದಿಂದ ಮುಚ್ಚಿಬಿಡುವ ವಿಧಾನವೂ ಇದೆ. ಇವೆಲ್ಲವೂ ದಂತವೈದ್ಯರ ಕೈಕೆಲಸಗಳು. ಆದರೆ ಇವಾವುವಕ್ಕೂ ಅರಮನೆಯಂಥ ಆಸ್ಪತ್ರೆ ಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಈ ಶತಮಾನದ ಮೊದಲ ದಶಕದಿಂದ ಶಿಶುವಿಹಾರಗಳಲ್ಲಿ ಮಕ್ಕಳಿಂದ ದಿನವೂ ಹಲ್ಲುಜ್ಜಿಸುವ ಪದ್ಧತಿ ನಡೆದುಬಂದು ಒಳ್ಳೆಯ ಫಲ ಕೊಟ್ಟಿದೆ.

೬. ಶಾಲೆಯು ಮಾಡಬಹುದಾದುದು

ಚಿಕಿತ್ಸೆ ವೈದ್ಯರದು, ಗುರುತಿಸುವುದು, ರೂಢಿಮಾಡಿಸುವುದು, ಕುರ್ಚಿಯವರೆಗೆ ತಲುಪಿಸುವುದು ನಮ್ಮದು. ಈ ಮೂರನ್ನೂ ಕ್ರಮವಾಗಿ ವಿವರಿಸುತ್ತೇನೆ.

ಗುರುತಿಸುವುದು: ಶಾಲೆ ತೆರೆದ ಮೊದಲ ತಿಂಗಳಲ್ಲಿ ಒಂದನೆಯ ಎರಡನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಗಲ ಬೆಳಕಿನಲ್ಲಿ ಕಿಟಕಿಗೆ ಮುಖ ಮಾಡಿ ನಿಲ್ಲಿಸಿ ಬಾಯಿ ತೆರೆಸಿ ನೋಡಬೇಕು. ಬಾಯೊಳಗೆ ಕೈ ಹಾಕಬೇಕಾಗಿಲ್ಲ. ಪ್ರತಿ ಪಕ್ಕದಲ್ಲಿಯೂ ಮುಂದಿನಿಂದ ಹಿಂದಕ್ಕೆ ಎಣಿಸಿದರೆ ಆರನೆಯದಾಗಿ ಇರುವ ಹಲ್ಲು ಬಂದಿದೆಯೇ, ಅದರಲ್ಲಿ ಕಪ್ಪಾದ ಕುಳಿ ಇದೆಯೇ, ಒಸಡಿನ ಮೇಲೆ ಕೀವಿನ ಗುಳ್ಳೆಯಿದೆಯೇ, ಮುಖ ಊದಿದೆಯೇ ಎಂಬಿಷ್ಟನ್ನು ಪುಸ್ತಕದಲ್ಲಿ ಬರೆದಿಡಬೇಕು. ಮುಖ ಊದಿ ಜ್ವರವಿದ್ದರೆ ತಡಮಾಡುವಂತಿಲ್ಲ. ಕೀವು ಹಬ್ಬಿದರೆ ಪ್ರಾಣಾಪಾಯವೂ ಉಂಟು. ಅಂಥ ಮಗುವನ್ನು ಆ ದಿನವೇ ಆಸ್ಪತ್ರೆಗೆ ಕಳಿಸತಕ್ಕದ್ದು.

ರೂಢಿಮಾಡಿಸುವುದು: ಮಧ್ಯಾಹ್ನದ ಅಕ್ಷರ ದಾಸೋಹದ ಊಟಕ್ಕೆ ಮಕ್ಕಳು ಕೈತೊಳೆಯಲು ನಲ್ಲಿಯ ಬಳಿ ಸಾಲು ನಿಲ್ಲುತ್ತಾರೆ. ಅದೇ ನಲ್ಲಿಯ ಬಳಿ, ಊಟದ ತರುವಾಯ, ಫ್ಲೋರೈಡಿರುವ ಪೇಸ್ಟನ್ನು ಬಟಾಣಿಕಾಳಿನಷ್ಟು ಹಚ್ಚಿಕೊಂಡು ಎರಡು ನಿಮಿಷ ಉಜ್ಜುವುದನ್ನು ಅಭ್ಯಾಸ ಮಾಡಿಸಬಹುದು. ಇದ್ದಿಲು, ಇಟ್ಟಿಗೆಯ ಪುಡಿಗಳಿಂದ ದಂತಕವಚ ಸವೆಯುತ್ತದೆಂಬುದನ್ನು ತಿಳಿಹೇಳಬೇಕು. ಮಠದ ಪ್ರಸಾದನಿಲಯಗಳಲ್ಲಿಯೂ ಆಶ್ರಮಶಾಲೆಗಳಲ್ಲಿಯೂ ವಾಸಿಸುವ ಮಕ್ಕಳಿಗೆ ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವುದು ಪ್ರಾರ್ಥನೆಯಷ್ಟೇ ನಿಯತವಾಗಲಿ. ಜೇನಿನ ನಾಡಿನಲ್ಲಿ ಸಿಹಿಯನ್ನು ನಿಷೇಧಿಸಲಾಗದು. ಬೆಲ್ಲದ ಕಾಫಿಯೂ ಇಲ್ಲಿನ ಸಂಪ್ರದಾಯ. ಆದರೆ ಜೇನಾಗಲಿ ಬೆಲ್ಲವಾಗಲಿ ಅಂಗಡಿಯ ಮಿಠಾಯಿಯಾಗಲಿ, ಹಲ್ಲಿನ ಮಟ್ಟಿಗೆ ಎಲ್ಲವೂ ಸಿಹಿಯೇ. ಸಿಹಿಯನ್ನು ಊಟದೊಡನೆ ಮುಗಿಸಿಬಿಡುವುದು, ದಿನವಿಡೀ ಚೀಪದಿರುವುದು, ಇಷ್ಟು ವಿವೇಕ ಸಾಕು.

ತಲುಪಿಸುವುದು: ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿಶೇಷ ವಿಜ್ಞಾಪನೆ ಇರುವುದು ಇಲ್ಲಿಯೇ. ದಂತಶಿಬಿರವೆಂದರೆ ಒಂದು ದಿನ ಶಾಮಿಯಾನ ಹಾಕಿ, ಬ್ರಷ್ಷು ಹಂಚಿ, ನೋಯುವ ಹಲ್ಲು ಕಿತ್ತು, ಭಾವಚಿತ್ರ ತೆಗೆಸಿಕೊಂಡು ಮರಳುವುದೆಂಬ ಭಾವನೆ ಬಳಕೆಯಲ್ಲಿದೆ. ಮಾಡಿದವರ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ ಶಿಬಿರದಲ್ಲಿ ಹುಳುಕೆಂದು ಬರೆಸಿಕೊಂಡ ಮಗುವಿಗೆ ಆ ಮೇಲೆ ಏನಾಯಿತೆಂದು ಕೇಳುವವರಿಲ್ಲದಿದ್ದರೆ ಆ ಬರಹ ನೀರಿನ ಮೇಲಣ ಬರಹ. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಎರಡು ಸಲ, ನವೆಂಬರಿನಲ್ಲೊಮ್ಮೆ ಮಾರ್ಚಿನಲ್ಲೊಮ್ಮೆ, ಅದೇ ಶಾಲೆಗೆ ಅದೇ ಪುಸ್ತಕ ಹಿಡಿದು ದಂತವೈದ್ಯರನ್ನು ಕರೆತರುವ ಏರ್ಪಾಡಾಗಲಿ. ಶಾಲೆಯಲ್ಲಿ ಆಗದ ಚಿಕಿತ್ಸೆಗೆ ಮಕ್ಕಳನ್ನು ಒಟ್ಟಾಗಿ ಕರೆದೊಯ್ಯುವ ವಾಹನ, ಜೊತೆಗೆ ಹೋಗುವ ಒಬ್ಬ ಉಪಾಧ್ಯಾಯರು, ಬರಲೇಬೇಕಾದ ತಾಯಿಗೆ ಆ ದಿನದ ಕೂಲಿ, ಇವುಗಳ ವೆಚ್ಚವನ್ನು ಒಂದು ನಿಧಿಯಿಂದ ಭರಿಸಲಿ. ಕಟ್ಟಡಕ್ಕೆ ಕೊಟ್ಟ ದಾನದ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಬಸ್ಸಿನ ಹಣಕ್ಕೆ ಕೊಟ್ಟ ದಾನದ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಆದರೆ ಚೀಟಿಯಿಂದ ಕುರ್ಚಿಗೆ ಮಗುವನ್ನು ಒಯ್ಯುವುದು ಈ ಎರಡನೆಯ ದಾನವೇ.

ದಂತವೈದ್ಯ ಮಹಾವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಕಲಿಕೆಗಾಗಿ ರೋಗಿಗಳು ಬೇಕು. ನಮ್ಮ ಮಕ್ಕಳಿಗೆ ಚಿಕಿತ್ಸೆ ಬೇಕು. ಗುರುಗಳ ಮೇಲ್ವಿಚಾರಣೆಯಲ್ಲಿ ಈ ಎರಡು ಅಗತ್ಯಗಳೂ ಕೂಡಿದರೆ ಉಭಯರಿಗೂ ಲಾಭ. ಕೂಡಿಸುವ ಸೇತುವೆ ಶಾಲೆ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ದಿನವನ್ನು ತಾವು ಕಲಿತ ಶಾಲೆಗೋ ತಮ್ಮೂರಿನ ಶಾಲೆಗೋ ಮೀಸಲಿಟ್ಟರೆ ಅದಕ್ಕಿಂತ ಉಚಿತವಾದ ಗುರುದಕ್ಷಿಣೆ ಬೇರೊಂದಿಲ್ಲ.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ಆರನೆಯ ವರ್ಷದ ಆ ನಾಲ್ಕು ಹಲ್ಲುಗಳು ತೋಟದೊಡೆಯರ ಮಗುವಿಗೂ ಲೈನ್ ಮನೆಯ ಮಗುವಿಗೂ ಒಂದೇ ವಯಸ್ಸಿನಲ್ಲಿ, ಒಂದೇ ಸ್ಥಾನದಲ್ಲಿ, ಒಂದೇ ಬಿಳುಪಿನಿಂದ ಮೂಡುತ್ತವೆ. ಪ್ರಕೃತಿಯು ಕೊಡುವಾಗ ತಾರತಮ್ಯ ಮಾಡಲಿಲ್ಲ. ಕಾಪಾಡುವಾಗ ತಾರತಮ್ಯ ಮಾಡುತ್ತಿರುವವರು ನಾವು. ಮುಂದಿನ ಜೂನ್ ತಿಂಗಳಿನಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೊಸ ಹೆಸರುಗಳನ್ನು ಬರೆಯುವಾಗ, ಪಕ್ಕದಲ್ಲಿ ಮತ್ತೊಂದು ಅಂಕಣವನ್ನು ಗೆರೆ ಎಳೆದು ಇಡೋಣ. ಅಷ್ಟರಿಂದ ಆರಂಭವಾಗಲಿ.